ರಬ್ಬರಿಗೆ ಹಚ್ಚಿದ ಕುಂಕುಮ

ಗೌರಿ ಹಬ್ಬದ ರವಿಕೆಗೆ ಹುಕ್ಕು ಹಾಕೋಣವೆಂದು ಹೊಲಿಗೆ ಡಬ್ಬಿ ತೆಗೆದೆ. ತಳದಲ್ಲಿ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಹಳೆಯ ರಬ್ಬರಿನ ವಾಸನೆ, ಅದರ ಹಿಂದೆಯೇ ಕುಂಕುಮದ ವಾಸನೆ. ಒಳಗಿದ್ದದ್ದು ಮಕ್ಕಳು ಅಳಿಸುವ ರಬ್ಬರು. ಅದರ ಮೇಲೆ ಬ್ಲೇಡಿನಲ್ಲಿ ಕೊರೆದ ತುಳಸಿ ಕುಡಿ. ಗೀರುಗಳಲ್ಲಿ ಇನ್ನೂ ಕೆಂಪು ಉಳಿದಿತ್ತು...

ಕೊರೆದುಕೊಟ್ಟವರು ಮೇಲಿನ ಮನೆಯ ಟೀಚರ್. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಟಿನ್ ಫ್ಯಾಕ್ಟರಿ ಹತ್ತಿರ ಬಾಡಿಗೆಗಿದ್ದೆವು. ಅವರು ಕಾಕ್ಸ್ ಟೌನಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಯಜಮಾನರು ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನನ್ನ ಮಗಳಿಗೆ ಜ್ವರ ಬಂದರೆ ಮೊದಲು ಇಳಿದು ಬರುತ್ತಿದ್ದವರು ಅವರೇ. ಅಂಥ ನೆರೆ ಕೊಟ್ಟ ದೇವರಿಗೆ ದಿನವೂ ಕೈಮುಗಿಯುತ್ತಿದ್ದೆ. ಆದರೆ ಅರಿಸಿನ ಕುಂಕುಮಕ್ಕೆ ಕಟ್ಟಡದ ಹೆಂಗಸರನ್ನೆಲ್ಲ ಕರೆದು, ಅವರೊಬ್ಬರನ್ನು ಬಿಡುತ್ತಿದ್ದೆ. ಕೋಸಂಬರಿಯನ್ನು ಮಗಳ ಕೈಲಿ ಮೇಲಕ್ಕೆ ಕಳಿಸುತ್ತಿದ್ದೆ. ಅವರಿಗೆ ಮುಜುಗರವಾಗಬಾರದೆಂದೇ ಹೀಗೆ ಮಾಡುತ್ತೇನೆ ಅಂದುಕೊಂಡಿದ್ದೆ.

ಅವರಿಗೆ ಇಂಗ್ಲೆಂಡಿನಲ್ಲಿ ಪತ್ರಮಿತ್ರರೊಬ್ಬರಿದ್ದರು. ಅಲ್ಲಿಯ ಜನ ಬಯಲು, ಕಾಡುದಾರಿಗಳಲ್ಲಿ ಡಬ್ಬಿ ಬಚ್ಚಿಟ್ಟು, ಸುಳಿವು ಬರೆದು ಹಂಚಿ, ಹುಡುಕುವ ಆಟ ಆಡುತ್ತಾರಂತೆ. ಡಬ್ಬಿಯೊಳಗೆ ಪುಟ್ಟ ಪುಸ್ತಕವಿರುತ್ತದೆ. ಡಬ್ಬಿ ಸಿಕ್ಕವರು ಅದರಲ್ಲಿ ಹೆಸರು ಬರೆಯದೆ ತಮ್ಮ ಮುದ್ರೆ ಒತ್ತಬೇಕು. ಅವರವರ ಮುದ್ರೆ ಅವರವರೇ ಒತ್ತಬೇಕು, ಇರುವುದು ಅದೊಂದೇ ನಿಯಮ ಎಂದಿದ್ದರು. ರಬ್ಬರಿನಲ್ಲೇ ಮಗಳಿಗೆ ಗಾಳಿಪಟದ ಮುದ್ರೆ ಕೊರೆದುಕೊಟ್ಟು, ತಮಗೆ ಅಳಿಲು ಕೊರೆದುಕೊಂಡರು. ನನಗೇನು ಬೇಕೆಂದು ಕೇಳಲೇ ಇಲ್ಲ, ತುಳಸಿ ಕೊಟ್ಟರು.

ಒಂದು ಭಾನುವಾರ ಮೂವರೂ ಹೊರಟೆವು. ನಾನು ದೇವಸ್ಥಾನಕ್ಕೆ ಹೋಗಿಯೇ ಬಸ್ಸು ಹತ್ತಿದ್ದರಿಂದ ಪರ್ಸಿನಲ್ಲಿ ಪ್ರಸಾದದ ಕುಂಕುಮದ ಪೊಟ್ಟಣವಿತ್ತು. ಕೆ.ಆರ್. ಪುರದ ಆಚೆಯ ಕೆರೆ, ಅದರ ಪಕ್ಕ ನೀಲಗಿರಿ ತೋಪು, ನಡುವೆ ಕಾಲುದಾರಿ. ಹಿಂದಿನ ವಾರವೇ ಬಂದು ಡಬ್ಬಿಗಳನ್ನು ಬಚ್ಚಿಟ್ಟಿದ್ದ ಟೀಚರ್ ಏನೂ ಗೊತ್ತಿಲ್ಲದವರಂತೆ ಹಿಂದೆ ಬರುತ್ತಿದ್ದರು. ನಾವು ಪೊಟರೆಗಳಿಗೆ ಕೈ ಹಾಕುವುದನ್ನು ನೋಡಿ ಎಮ್ಮೆ ಮೇಯಿಸುವವನೊಬ್ಬ, "ಏನಮ್ಮಾ, ಒಡವೆ ಕಳ್ಕೊಂಡ್ರಾ?" ಎಂದ.

"ಇಲ್ಲಣ್ಣ, ಬಚ್ಚಿಟ್ಟಿದೀವಿ. ನೀನು ಆ ಕಡೆ ತಿರುಗ್ಕೊ," ಎಂದರು ಟೀಚರ್. ಅವನೂ ನಕ್ಕು ನಿಜವಾಗಿಯೇ ತಿರುಗಿ ನಿಂತ. ಅಷ್ಟು ಹಗುರಾಗಿ ನಾನು ನಕ್ಕು ಎಷ್ಟೋ ದಿನವಾಗಿತ್ತು.

ಕೊನೆಯ ಡಬ್ಬಿ ಅರಳಿಮರದ ಬೇರಿನ ಸಂದಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಟೀಚರ್ ತಂದಿದ್ದ ಇಂಕಿನ ಪ್ಯಾಡು ಒಣಗಿಹೋಗಿತ್ತು. ಮಗಳು ಅದರ ಮುಚ್ಚಳ ಹಾಕದೆ ಬಿಸಿಲಲ್ಲಿ ಹಿಡಿದುಕೊಂಡೇ ಓಡಾಡಿದ್ದಳು. ಅವಳ ಮುಖ ಅಳುವ ಹಾಗಾಯಿತು.

"ಅಳ್ಬೇಡ ಪುಟ್ಟಿ, ಅಮ್ಮನ ಹತ್ರ ಕುಂಕುಮ ಇದೆಯಲ್ಲ. ನೀರಲ್ಲಿ ಕಲಸಿದ್ರಾಯ್ತು. ಕೊಡಿ ರೀ," ಎಂದು ಟೀಚರ್ ಅಂಗೈ ಚಾಚಿದರು.

ನಾನು ಪೊಟ್ಟಣ ತೆಗೆದೆ. ತೆಗೆದ ಕೈ ಅಲ್ಲೇ ನಿಂತುಬಿಟ್ಟಿತು. ಬೇಕೆಂದು ನಿಲ್ಲಿಸಲಿಲ್ಲ... ಆದರೆ ನಿಂತದ್ದು ನನ್ನ ಕೈಯೇ.

ಅವರು ಅದನ್ನು ಕಂಡರು. ಅಂಗೈ ಹಿಂತೆಗೆದು ಸೀರೆಗೆ ಒರೆಸಿಕೊಂಡು, ನಗುತ್ತಲೇ ಹೇಳಿದರು: "ಹಣೆಗಲ್ಲ ರೀ, ರಬ್ಬರಿಗೆ."

ಆಗಲಾದರೂ ಕೊಟ್ಟುಬಿಡಬಹುದಿತ್ತು. ನಾನು ಡಬ್ಬಿಯ ಮುಚ್ಚಳದಲ್ಲಿ ನಾನೇ ಕುಂಕುಮ ಕಲಸಿದೆ. ಮಗಳು ಗಾಳಿಪಟ ಒತ್ತಿದಳು, ನಾನು ತುಳಸಿ ಒತ್ತಿದೆ. ಟೀಚರ್ ಮುಚ್ಚಳಕ್ಕೆ ಕೈ ಚಾಚಲಿಲ್ಲ. ತಮ್ಮ ಅಳಿಲನ್ನು ನನ್ನ ಕೈಗಿಟ್ಟರು. ಅವರ ಮುದ್ರೆಯನ್ನೂ ನಾನೇ ಒತ್ತಿದೆ. ಅಳಿಲು ಓರೆಯಾಗಿ ಬಿತ್ತು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋದಳು. ಅವರು ಎಂದಿನಂತೆ ಮಾತಾಡುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ ಬಂದೆ.

ಮುಂದಿನ ಹಬ್ಬಕ್ಕೆ ಕರೆದೇ ತೀರಬೇಕೆಂದು ಅರ್ಧದವರೆಗೆ ಮೆಟ್ಟಿಲು ಹತ್ತಿದ್ದೆ. ಬಂದಿದ್ದ ಹೆಂಗಸರು ಏನನ್ನುತ್ತಾರೋ ಎಂದು ಇಳಿದುಬಿಟ್ಟೆ. ಮೇಲೆ ಅವರ ರೇಡಿಯೋ ಕೇಳಿಸುತ್ತಿತ್ತು... ಆಮೇಲೆ ಅವರು ಹಲಸೂರಿನಲ್ಲಿದ್ದ ತಂಗಿಯ ಮನೆಗೆ ಹೋದರು. ತೀರಿಕೊಂಡ ಸುದ್ದಿ ಕೂಡ ನನಗೆ ತಡವಾಗಿ, ಯಾರದೋ ಮದುವೆಯಲ್ಲಿ ಸಿಕ್ಕಿತು. ಆ ತೋಪಿನಲ್ಲಿ ಈಗ ಫ್ಲಾಟುಗಳಿವೆ.

ಮಗಳ ಮನೆ ಈಗ ಇಂದಿರಾನಗರದಲ್ಲಿ. ಹೋದ ವರ್ಷ ನಾನು ಹಬ್ಬಕ್ಕೆ ಹೋದಾಗ ಅವಳು, ಗಂಡ ತೀರಿಕೊಂಡ ಎದುರು ಮನೆಯಾಕೆಯನ್ನು ಕೂರಿಸಿ, ಎಲ್ಲರಿಗಿಂತ ಮೊದಲು ಅವರಿಗೇ ಕುಂಕುಮ ಕೊಟ್ಟಳು. ಅವರು ಹೋದ ಮೇಲೆ, ಇದನ್ನೆಲ್ಲ ಯಾರು ಹೇಳಿಕೊಟ್ಟರೆಂದು ಕೇಳಿದೆ. ಅವಳು ವೀಳ್ಯದೆಲೆ ಜೋಡಿಸುತ್ತಲೇ ಹೇಳಿದಳು: "ಅಮ್ಮಾ, ಅವತ್ತು ಕೆರೆ ಹತ್ರ ನಾನೂ ಇದ್ದೆ."

ಮಗಳು ನನ್ನಿಂದ ಕಲಿಯಲಿಲ್ಲವಲ್ಲ, ಅದೂ ದೇವರ ದಯೆಯೇ. ಇವತ್ತು ತುಳಸಿಯನ್ನು ತೊಳೆಯೋಣವೆಂದು ನಲ್ಲಿಯ ಹತ್ತಿರ ಒಯ್ದೆ. ನೀರು ಬಿಟ್ಟೆ, ಮತ್ತೆ ನಿಲ್ಲಿಸಿದೆ. ಕೆಂಪು ಇದ್ದ ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಿಟ್ಟೆ.