ಮಾಮಿಯ ಮಾತು ಮುಗಿದ ಮೇಲಿನ ಹಾಡು

ಮಾಮಿಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಿತ್ತು. ಬೀಡಿ ಕಟ್ಟುವಾಗ ಅದರ ತುದಿಯನ್ನು ಒಳಕ್ಕೆ ಮಡಚಲು ಬೇಕೆಂದು ಬಿಟ್ಟದ್ದು. ಹೊಗೆಸೊಪ್ಪು ತಾಗಿ ತಾಗಿ ಅದು ಅರಸಿನ ಹಚ್ಚಿದಂತೆ ಹಳದಿಯಾಗಿತ್ತು. ಪುತ್ತಿಗೆಯಲ್ಲಿ ನಮ್ಮ ಅಂಗಳ ದಾಟಿದರೆ ಅವರ ಮನೆ. ಬ್ಯಾರಿ ಮುಸ್ಲಿಮರು. ಗುರುವಾಯನಕೆರೆಯಿಂದ ಮದುವೆಯಾಗಿ ಬಂದವರು; ಮಕ್ಕಳಿರಲಿಲ್ಲ, ಗಂಡ ಗಲ್ಫಿನಲ್ಲಿದ್ದರು. ನಮ್ಮದು ತುಳು ಮಾತಾಡುವ ಹಿಂದೂ ಮನೆ. ಆದರೂ ನನಗೆ ಅವರು ಮೊದಲಿನಿಂದಲೂ ಮಾಮಿಯೇ.

ಮಾಮಿಗೆ ಬರೆಯಲು ಬರುತ್ತಿರಲಿಲ್ಲ. ಗಂಡ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮಾಮಿ ಅದನ್ನು ಕೇಳಿ, ಅದರ ಮೇಲೆಯೇ ತನ್ನ ಮಾತು ತುಂಬಿಸಿ, ಹೋಗುವವರ ಕೈಯಲ್ಲಿ ಹಿಂದೆ ಕಳಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಗಲ್ಫಿನವರ ಮನೆಗಳಲ್ಲಿ ಇದು ವಾಡಿಕೆ. ಟೇಪ್‌ರೆಕಾರ್ಡರಿನ ಗುಂಡಿಗಳೆಂದರೆ ಮಾಮಿಗೆ ಹೆದರಿಕೆ. ಆದ್ದರಿಂದ ಹೈಸ್ಕೂಲಿನಲ್ಲಿದ್ದ ನಾನು ಗುಂಡಿ ಒತ್ತಬೇಕು, ಒತ್ತಿ ಬಾವಿಕಟ್ಟೆಗೆ ಹೋಗಿ ನಿಲ್ಲಬೇಕು. ಗಂಡ ಹೆಂಡತಿಯ ಮಾತು ನನ್ನ ಕಿವಿಗೆ ಬೀಳಬಾರದು.

ಒಮ್ಮೆ ಬಂದದ್ದು ಖಾಲಿ ಕ್ಯಾಸೆಟ್ಟಲ್ಲ. ಗಂಡನ ಕೋಣೆಯಲ್ಲಿದ್ದ ಯಾರೋ ಬಿಟ್ಟುಹೋದ ಇಂಗ್ಲಿಷ್ ಹಾಡುಗಳದ್ದು. ಅಂಥದರ ಮೇಲೂ ಮಾತು ತುಂಬಿಸಲು ಆಗುವಂತೆ ಕ್ಯಾಸೆಟ್ಟಿನ ಮೂಲೆಯ ಕಿಂಡಿಗೆ ಕಾಗದ ತುರುಕಿ, ಮೊದಲ ಹಾಡಿನ ಮೇಲೆ ಅವರು ಮಾತಾಡಿದ್ದರು. ಆ ಮಾತು ಮುಗಿದದ್ದೇ ಒಳಗಿನಿಂದ ಭಯಂಕರ ಸದ್ದು. ಮಾಮಿ ಮಡಿಲಲ್ಲಿದ್ದ ಬೀಡಿಯ ಗೆರಸೆ ಬಿಟ್ಟು ಅಂಗಳಕ್ಕೆ ಓಡಿಬಂದರು.

"ಬಾ ಹೆಣ್ಣೇ ಬೇಗ! ಮಿಷನ್ ಹಾಳಾಯ್ತಾ ಎಂತ ನೋಡು!"

ಹಾಳಾಗಿರಲಿಲ್ಲ. ಗಿಟಾರು, ಡ್ರಮ್ಮು, ಅದರ ನಡುವೆ ಒಬ್ಬನ ಕೂಗು. ನಿಲ್ಲಿಸಲು ಹೋದವಳು ಹಾಗೇ ನಿಂತೆ. ಅದು ಥ್ರ್ಯಾಶ್ ಮೆಟಲ್, ಆ ಬಗೆಯ ಸಂಗೀತದಲ್ಲಿ ತುಂಬ ಹೆಸರಾದ ಆಲ್ಬಂ ಎಂದು ತಿಳಿದದ್ದು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ. ಆಗ ತಿಳಿದದ್ದು ಇಷ್ಟೇ: ದನಿಯೆತ್ತಿ ಮಾತಾಡದ ಹುಡುಗಿ ಎಂದು ಎಲ್ಲರಿಂದ ಹೊಗಳಿಸಿಕೊಳ್ಳುತ್ತಿದ್ದ ನನಗೆ ಈ ಗದ್ದಲ ಇನ್ನೊಮ್ಮೆ ಬೇಕು. ಏನೋ ಕೊಳಕು ಮುಟ್ಟಿದಂತೆ ನಾಚಿಕೆಯಾಯಿತು. ಮಾಮಿ ನನ್ನ ಮುಖ ನೋಡಿ, ಕಿಟಕಿ ಮುಚ್ಚಿ ಬಂದು ಕುಳಿತರು.

"ಇರಲಿ, ಕೇಳು. ಇವನನ್ನು ಯಾರು ಓಡಿಸಿಕೊಂಡು ಬರ್ತಾರೆ ಮಾರಾಯ್ತಿ, ಪಾಪ!"

ಆಮೇಲೆ ಅದೇ ಕ್ಯಾಸೆಟ್ಟು ಹೋಗುತ್ತ ಬರುತ್ತ ಇತ್ತು. ಬಂದಾಗಲೆಲ್ಲ ಗಂಡನ ಮಾತು ಮುಗಿದ ಮೇಲೆ ನಾವಿಬ್ಬರೂ ಉಳಿದ ಹಾಡುಗಳನ್ನು ಕೇಳುತ್ತಿದ್ದೆವು. ಒಂದು ದಿನ ಅಮ್ಮ ಬೇಲಿಯ ಬಳಿ ಕೇಳಿದಳು: "ನಿಮ್ಮಲ್ಲಿ ಎಂತ ಅದು ಬೊಬ್ಬೆ?"

"ನನ್ನದೇ ಹಾಡು," ಎಂದರು ಮಾಮಿ. "ಅದು ಹಾಕಿದ್ರೆ ಬೀಡಿ ಬೇಗ ಬೇಗ ಆಗ್ತದೆ."

ಅಮ್ಮ ನಕ್ಕಳು. ನಾನು ನೆಲ ನೋಡಿದೆ.

ಮಾಮಿ ತನ್ನ ಮಾತು ತುಂಬಿಸುವ ದಿನ ನಾನು ಬಾವಿಯಿಂದ ಒಂದು ಕೊಡ ನೀರು ಸೇದುವುದರೊಳಗೆ ಒಳಗಿನಿಂದ ಕರೆ ಬರುತ್ತಿತ್ತು.

"ಇಷ್ಟು ಬೇಗ ಮುಗೀತಾ ಮಾಮಿ?"

"ನನಗೆ ಎಂತ ಉಂಟು ಹೇಳ್ಲಿಕ್ಕೆ? ಬೀಡಿ ಕಟ್ಟಿದೆ, ಊಟ ಮಾಡಿದೆ. ನೀನು ಹಾಡು ಹಾಕು."

ಅವರೂ ನನ್ನಂತೆ ಮಾತು ಕಡಿಮೆಯವರು ಎಂದುಕೊಂಡೆ. ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತು.

ಮಾಮಿ ತೀರಿಕೊಂಡಾಗ ನಾನು ಎಂ.ಎ. ಓದುತ್ತಿದ್ದೆ, ಪರೀಕ್ಷೆ ಮುಗಿಸಿ ಬರುವಾಗ ತಡವಾಗಿತ್ತು. ಅವರ ಗಂಡ ಗಲ್ಫ್ ಬಿಟ್ಟು ಊರಿಗೇ ಬಂದುಬಿಟ್ಟಿದ್ದರು. ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು.

"ನೀನಾ ಆ ಹಾಡಿನ ಹುಡುಗಿ?"

ನನಗೆ ಅರ್ಥವಾಗಲಿಲ್ಲ.

"ಅವಳು ಕ್ಯಾಸೆಟ್ಟಿನಲ್ಲಿ ಮಾತಾಡಿದ್ದು ಯಾವಾಗಲೂ ಅರ್ಧಕ್ಕೇ ನಿಲ್ತಿತ್ತು. 'ಇನ್ನೂ ಮಾತಾಡಿದ್ರೆ ಹುಡುಗಿಯ ಹಾಡು ಅಳಿಸಿ ಹೋಗ್ತದೆ, ನಿಲ್ಲಿಸ್ತೇನೆ' ಅಂತ. ನನಗೆ ಸಿಟ್ಟು. ಖಾಲಿ ಕ್ಯಾಸೆಟ್ ಕಳಿಸ್ತೇನೆ, ತುಂಬ ಮಾತಾಡು ಅಂದೆ. ಬೇಡವಂತೆ. 'ಇದನ್ನೇ ಕಳಿಸಿ, ಅವಳು ಕಾಯ್ತಾಳೆ.' ನಾನೂ ಹಾಡು ಶುರುವಾಗುವ ಮೊದಲು ಮುಗಿಸಬೇಕು, ಆರ್ಡರು!"

ಅವರು ನಗುತ್ತಿದ್ದರು. ನನಗೆ ಗ್ಲಾಸು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ದೂರದಲ್ಲಿದ್ದ ಗಂಡನಿಗೆ ಹೇಳುವುದನ್ನೆಲ್ಲ ಮಾಮಿ ಒಂದು ಹಾಡಿನ ಉದ್ದಕ್ಕೆ ಕತ್ತರಿಸಿಕೊಂಡಿದ್ದರು, ವರ್ಷಗಟ್ಟಲೆ. ನಾನು ಅದನ್ನು ಸಂಕೋಚವೆಂದು ತಿಳಿದಿದ್ದೆ.

"ಮಾಮಿ ಮಾತಾಡಿದ್ದು ಈಗ ಯಾವುದಾದರೂ ಉಂಟಾ?" ಎಂದು ಕೇಳಿದೆ.

"ಎಲ್ಲಿಂದ? ಅವಳದ್ದರ ಮೇಲೆ ನಾನು ಮಾತಾಡಿದೆ, ನನ್ನದರ ಮೇಲೆ ಅವಳು. ಆಮೇಲೆ ಫೋನ್ ಬಂತು. ಆ ಕ್ಯಾಸೆಟ್ಟಿನಲ್ಲಿ ಕಡೆಗೆ ಮಾತಾಡಿದ್ದು ನಾನು." ನನ್ನ ಕೈಯಿಂದ ಗ್ಲಾಸು ತೆಗೆದುಕೊಳ್ಳುತ್ತ ಕೇಳಿದರು, "ಆ ಹಾಡು ಈಗಲೂ ಕೇಳ್ತೀಯಾ?"

ಇಲ್ಲ ಎನ್ನಬೇಕೆನಿಸಿತು. ಹಿಂದಿನ ವಾರವಷ್ಟೇ ಹಾಸ್ಟೆಲಿನಲ್ಲಿ, ಯಾರಿಗೂ ಗೊತ್ತಾಗದಂತೆ, ಇಯರ್‌ಫೋನಿನಲ್ಲಿ ಕೇಳಿದ್ದೆ.

"ಕೇಳ್ತೇನೆ," ಎಂದೆ.

"ಹಾಗಾದ್ರೆ ಸರಿ. ಅವಳು ಉಳಿಸಿದ್ದು ದಂಡ ಆಗಲಿಲ್ಲ."

ನನ್ನನ್ನು ಸಮಾಧಾನ ಮಾಡಲೆಂದೇ ಅವರು ಹಾಗೆ ಹೇಳಿದ್ದು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.