ರಿಮೋಟಿನಲ್ಲಿ ಇಲ್ಲದ ಮನೆ

ನಮ್ಮ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ನಿಂತವರು. ಅದರಿಂದಲೋ ಏನೋ, ಮನೆಯಲ್ಲೂ ಗಟ್ಟಿಯಾಗಿಯೇ ಮಾತನಾಡುತ್ತಿದ್ದರು. ಅವರು ಉಪ್ಪು ಕೇಳಿದರೆ ಪಕ್ಕದ ಕ್ವಾರ್ಟರ್ಸ್‌ನವರಿಗೂ ಕೇಳಿಸುತ್ತಿತ್ತು. ನಿವೃತ್ತಿಯಾದ ಮೇಲೆ ಶಿವಮೊಗ್ಗದ ನವುಲೆಗೆ ಬಂದೆವು. ಇಲ್ಲಿ ಅವರು ಮೊದಲು ತಂದದ್ದು ಟಿವಿಗೂ ಹಾಡಿಗೂ ಜೋಡಿಸುವ ಒಂದು ಆಡಿಯೋ ರಿಸೀವರ್, ಐದು ಸ್ಪೀಕರ್.

ಅದರ ರಿಮೋಟಿನಲ್ಲಿ ಒಂದು ಗುಂಡಿ ಇದೆ. ಒತ್ತಿದಂತೆ ಒಂದೊಂದು ಜಾಗದ ಹೆಸರು ಬರುತ್ತದೆ: ಕನ್ಸರ್ಟ್ ಹಾಲ್, ಚರ್ಚ್, ಸ್ಟೇಡಿಯಂ. ಅದೇ ಹಾಡು ಆ ಜಾಗದಲ್ಲಿ ಕೂತು ಕೇಳಿದ ಹಾಗೆ ಕೇಳುತ್ತದೆ. ಅವರಿಗೆ ಅದೇ ಆಟ. ವಾರ್ತೆಯನ್ನೂ ಸ್ಟೇಡಿಯಂನಲ್ಲಿ ಓದಿಸುತ್ತಿದ್ದರು.

"ಕೂತಲ್ಲೇ ಊರು ಸುತ್ತಿಸ್ತೀನಿ, ಬಾರೆ."

"ನಮ್ಮ ಕ್ವಾರ್ಟರ್ಸ್ ಮನೆ ಇದ್ಯಾ ಅದ್ರಲ್ಲಿ?" ಎಂದು ನಾನೊಮ್ಮೆ ಕೇಳಿದ್ದೆ.

"ಅದೊಂದು ಇಲ್ಲ ಮಾರಾಯ್ತಿ. ಆ ಕಂಪನಿಯವ್ರು ಭದ್ರಾವತಿ ನೋಡಿಲ್ಲ."

ಅವರು ಹೋಗಿ ಏಳು ತಿಂಗಳಾಯಿತು. ನನ್ನ ಫೋನಿನಲ್ಲಿ ಅವರ ದನಿ ಇರುವುದು ಒಂದೇ ಒಂದು ಸಂದೇಶದಲ್ಲಿ. ಕ್ವಾರ್ಟರ್ಸ್ ಬಿಟ್ಟ ದಿನ ಕಳಿಸಿದ್ದು. ಹಾಲು ಉಕ್ಕಿಸಲು ನಾನು ಮುಂಚೆಯೇ ಈ ಮನೆಗೆ ಬಂದಿದ್ದೆ, ಅವರು ಸಾಮಾನಿನ ಜೊತೆ ಹಿಂದೆ ಉಳಿದಿದ್ದರು. ಫೋನಿನಲ್ಲಿ ಹಾಕಿದರೆ ದನಿ ಸಣ್ಣಗೆ, ತಗಡಿನೊಳಗಿಂದ ಬಂದಂತೆ ಕೇಳುತ್ತದೆ. ಅದು ಅವರ ದನಿಯೇ ಅಲ್ಲ. ಆ ಕ್ವಾರ್ಟರ್ಸ್ ಮನೆಯಲ್ಲಿ ಕೇಳುತ್ತಿದ್ದ ಹಾಗೆ ಒಂದು ಸಲ ಕೇಳಬೇಕು ಅನ್ನುವುದೇ ನನಗೊಂದು ಹಟವಾಯಿತು.

ಕಳೆದ ಭಾನುವಾರ ಭದ್ರಾವತಿಯಿಂದ ತಂಗಿ ಬಂದಳು. ಮಧ್ಯಾಹ್ನ ಊಟವಾದ ಮೇಲೆ ಫೋನನ್ನು ರಿಸೀವರಿಗೆ ಜೋಡಿಸಿಕೊಟ್ಟಳು. ಅವರು ಕೊನೆಯ ಸಲ ಬಿಟ್ಟಿದ್ದ ಸ್ಟೇಡಿಯಂ ಹಾಗೇ ಇತ್ತು. ದನಿ ಗುಂಯ್‌ಗುಟ್ಟಿತು.

"ಅಯ್ಯೋ ಅಕ್ಕ, ಭಾವ ಎಲೆಕ್ಷನ್ನಿಗೆ ನಿಂತಂಗಿದೆ!"

ನಗು ಬಂತು. ಕನ್ಸರ್ಟ್ ಹಾಲ್ ಹಾಕಿದೆವು. ಕಲ್ಯಾಣ ಮಂಟಪದಲ್ಲಿ ಎರಡನೇ ಪಂಕ್ತಿಗೆ ಕರೆಯುವವರಂತಾದರು. ಚರ್ಚ್‌ನಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದವು. ಒತ್ತುತ್ತಾ ಒತ್ತುತ್ತಾ ಹೆಸರುಗಳೆಲ್ಲ ಮುಗಿದು ಮತ್ತೆ ಸ್ಟೇಡಿಯಂ ಬಂತು. ನನಗೆ ಅಳು ಒತ್ತರಿಸಿ ಬಂತು.

"ಬಿಡು ಅಕ್ಕ, ಎಲ್ಲಾ ತೆಗೆದು ಸಾದಾ ಹಾಕ್ತೀನಿ," ಎಂದು ತಂಗಿ ಇನ್ನೊಂದು ಗುಂಡಿ ಒತ್ತಿದಳು. ಅವರ ದನಿ ಬಂತು:

"ಸಾಮಾನೆಲ್ಲ ಲಾರಿಗೆ ಹಾಕ್ಸಿದೆ ಮಾರಾಯ್ತಿ. ಮನೆ ಖಾಲಿ. ಒಂದ್ಸಲ ಎಲ್ಲಾ ನೋಡಿ ಬೀಗ ಹಾಕ್ತೀನಿ. ನಾನ್ ಬರೋತನಕ ಹಾಲು ಉಕ್ಕಿಸ್ಬೇಡ. ಬರ್ತೀನಿ."

ಪ್ರತಿ ಮಾತಿನ ಹಿಂದೆ ಒಂದು ಸಣ್ಣ ಮರುದನಿ ಇತ್ತು. ಎತ್ತರದ ಸೂರು, ಕೆಂಪು ನೆಲ, ಕ್ಯಾಲೆಂಡರ್ ಸಹ ತೆಗೆದಿದ್ದ ಬರೀ ಗೋಡೆ. ಅವರು ನಡುಮನೆಯಲ್ಲಿ ನಿಂತೇ ಮಾತನಾಡಿದ್ದರು. ಮನೆ ಆ ದನಿಯೊಳಗೇ ಇತ್ತು. ಇಷ್ಟು ಹೊತ್ತು ನಾವು ಅದರ ಮೇಲೆ ಬೇರೆಯವರ ಕಟ್ಟಡ ಕಟ್ಟುತ್ತಿದ್ದೆವು.

ತಂಗಿ ರಿಮೋಟನ್ನು ಕೆಳಗಿಟ್ಟಳು. ನನ್ನ ಮದುವೆಯ ಹೊಸತರಲ್ಲಿ ಶಾಲೆಯ ರಜೆಗೆ ಬಂದು ಅವಳೂ ಆ ನೆಲದ ಮೇಲೆ ಆಡಿದವಳೇ.

ಆವತ್ತು ಅವರು ಬರುವವರೆಗೆ ನಾನು ಒಲೆ ಹಚ್ಚಿರಲಿಲ್ಲ. ಈಗ ತಂಗಿಗೆ ಟೀ ಇಡಬೇಕಿತ್ತು. ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಲೈಟರ್ ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.