ಮುಕುಂದನ ಮಡಿ ಸರ್ವರ್

ಲಂಡನ್ ಪಕ್ಕದ ಕ್ರೋಯ್ಡನ್ನಿನಲ್ಲಿರುವ ನಮ್ಮ ಮುಕುಂದನಿಗೆ ಹೊರಗಿನವರ ಸರ್ವರ್ ಎಂದರೆ ಮೈಲಿಗೆ. ಫೋಟೋ, ಕಾಗದಪತ್ರ ಯಾವುದೂ ಪರರ ಕಂಪ್ಯೂಟರಿನಲ್ಲಿ ಇರಕೂಡದು. ಉಡುಪಿಯಲ್ಲಿ ಅವನ ಅಜ್ಜಿ ಬಾವಿಯ ಹಗ್ಗವನ್ನೂ ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲವಂತೆ. ಮೊಮ್ಮಗ ಆ ಮಡಿಯನ್ನು ತನ್ನ ಲಿನಕ್ಸ್ ಕಂಪ್ಯೂಟರಿಗೆ ತಂದಿದ್ದ. ಆಫೀಸಿನಲ್ಲಿ ಅವನ ಕೆಲಸ ಪ್ರಿಂಟರ್‌ಗಳನ್ನು ನೋಡಿಕೊಳ್ಳುವುದು.

2016ರಲ್ಲಿ ಶೂ ರ‍್ಯಾಕಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟು, ಟಿಪ್ಪಣಿ ಬರೆದಿಡುವ ಆ್ಯಪ್ ಒಂದನ್ನು ಕಂಟೇನರಿನಲ್ಲಿ ಓಡಿಸಿದ. ಕಂಟೇನರ್ ಎಂದರೆ ಆ್ಯಪಿಗೆ ಬೇಕಾದ್ದೆಲ್ಲ ತುಂಬಿದ ಡಬ್ಬಿ. ಬೇಡವಾದಾಗ ಎಸೆದು ಹೊಸದನ್ನು ಎಬ್ಬಿಸಬಹುದು. ಈ ವಿವರಣೆಯನ್ನು ನಾನು ಅವನ ಮನೆಯಲ್ಲಿ ಹನ್ನೊಂದು ಸಲ ಕೇಳಿದ್ದೇನೆ.

ಹೆಂಡತಿಯ ಹೆಸರು ಇಂದು, ಆಸ್ಪತ್ರೆಯಲ್ಲಿ ನರ್ಸ್. ನೋಂದಣಿ ನವೀಕರಿಸಲು ಆಕೆ ಕೆಲಸದಲ್ಲಿ ಕಲಿತದ್ದನ್ನು ಐದು ಟಿಪ್ಪಣಿಗಳಲ್ಲಿ ಬರೆದು ತೋರಿಸಬೇಕು. ಇಲ್ಲದಿದ್ದರೆ ವಾರ್ಡಿಗೆ ಕಾಲಿಡುವ ಹಾಗಿಲ್ಲ. ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆಂದಳು. ಮುಕುಂದ ಬಿಡಲಿಲ್ಲ. ಪಾಪ, ಶಿಫ್ಟ್ ಮುಗಿಸಿ ಬಂದು ಐದು ತಿಂಗಳು ಅವನ ಆ್ಯಪಿನಲ್ಲೇ ಕುಟ್ಟಿದಳು.

ಸಲ್ಲಿಸಲು ಒಂಬತ್ತು ದಿನ ಇರುವಾಗ, ಒಂದು ಶನಿವಾರ ಮಧ್ಯಾಹ್ನ, ನಾವು ನಾಲ್ಕು ಜನ ಅವರಲ್ಲಿಗೆ ಊಟಕ್ಕೆ ಹೋಗಿದ್ದೆವು. ಪಾಯಸ ಬರುವ ಮೊದಲೇ ಟಿವಿಯಲ್ಲಿ ಅವನ ಸರ್ವರಿಗೆ ಆಜ್ಞೆ ಕೊಡುವ ಕಪ್ಪು ಪರದೆ ಬಂತು. ಈ ಡಬ್ಬಿ ಎಸೆದು ಒಂದೇ ನಿಮಿಷದಲ್ಲಿ ಹೊಸ ಆವೃತ್ತಿ ಎಬ್ಬಿಸುತ್ತೇನೆ, ನೋಡಿ ಎಂದ. ಬ್ಯಾಕಪ್ ಇದೆಯಾ ಎಂದು ಕೇಳಿದ್ದಕ್ಕೆ ನನ್ನನ್ನು ಹಳ್ಳಿ ಗುಗ್ಗುವಿನಂತೆ ನೋಡಿದ. ಎಸೆದ. ಎಬ್ಬಿಸಿದ. ನಲವತ್ತೇ ಸೆಕೆಂಡ್. ಫಳಫಳ ಹೊಳೆಯುವ ಹೊಸ ಆ್ಯಪ್, ನಿಮ್ಮ ಮೊದಲ ಟಿಪ್ಪಣಿ ಬರೆಯಿರಿ ಎಂದು ಸ್ವಾಗತಿಸಿತು.

ಬರೆದದ್ದನ್ನು ಡಬ್ಬಿಯ ಹೊರಗೆ ಇಡು ಎಂದು ಹೇಳುವ ಒಂದೇ ಒಂದು ಸಾಲನ್ನು ಮಹಾಶಯ ಸೇರಿಸಿರಲೇ ಇಲ್ಲ. ಇಂದುವಿನ ಐದೂ ಟಿಪ್ಪಣಿಗಳು ಡಬ್ಬಿಯ ಜೊತೆಗೇ ಹೋದವು. ಆಕೆ ಸೌಟು ಹಿಡಿದು ನಿಂತೇ ಇದ್ದಳು. ಮುಕುಂದ ಮಾತ್ರ, ಸಿಸ್ಟಮಿನಲ್ಲಿ ತಪ್ಪೇನಿಲ್ಲ, ಎಷ್ಟು ಬೇಗ ಎದ್ದಿತು ನೋಡಿದಿರಲ್ಲ ಎಂದ.

ಆಕೆ ರಜೆ ಹಾಕಿ ಕೂತು, ಕೈಯಲ್ಲೇ ಎಲ್ಲವನ್ನೂ ಮತ್ತೆ ಬರೆದಳು. ನಾಲ್ಕು ಹಳೆಯವೇ. ಐದನೆಯದು ಹೊಸದು: ಧೈರ್ಯವಾಗಿ ಮಾತಾಡುವವರನ್ನು ಪರೀಕ್ಷಿಸದೆ ನಂಬಿದರೆ ವಾರ್ಡಿನಲ್ಲಿ ಎಂಥ ಅನಾಹುತ ಆಗಬಹುದು ಎಂಬುದು. ಅದಕ್ಕೆ ಮನೆಯದೇ ಉದಾಹರಣೆ ಕೊಟ್ಟಿದ್ದಳು. ಮೇಲಧಿಕಾರಿ ಅದನ್ನೇ ಮೆಚ್ಚಿ ಸಹಿ ಹಾಕಿದರಂತೆ.

ಇದನ್ನು ಕೇಳಿ ಮುಕುಂದ ಹಿಗ್ಗಿಹೋದ. ಅದರಲ್ಲಿ ನನ್ನ ಹೆಸರು ಹಾಕಿದ್ದೀಯಾ ಎಂದು ನನ್ನೆದುರಿಗೇ ಅವಳನ್ನು ಕೇಳಿದ.

"ಇಲ್ಲ ಮಾರಾಯ್ರೆ," ಎಂದಳು ಇಂದು. "ಪೇಶೆಂಟ್ ಹೆಸರೆಲ್ಲ ಬರೀಲಿಕ್ಕಿಲ್ಲ."